ಆಪಾಳ ಕತ್ತರಿ, ಬಳ್ಳಿಯ ಬೇರು

ಮನಿಪ್ಲಾಂಟಿಗೆ ನೀರು ಹಾಕುವಾಗ ನಾನು ಚಪ್ಪಲಿ ಬಿಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಮನೆಗೆ ಬಂದವರೆಲ್ಲ ಒಂದಲ್ಲ ಒಂದು ದಿನ ಇದನ್ನು ನೋಡಿ ನಕ್ಕಿದ್ದಾರೆ. ಹಿತ್ತಲ ಬಾಗಿಲು ದಾಟುವ ತನಕ ಕಾಲಲ್ಲಿ ಚಪ್ಪಲಿ ಇರುತ್ತದೆ, ಕೈಯಲ್ಲಿ ನೀರಿನ ತಂಬಿಗೆ ಇರುತ್ತದೆ. ಬಳ್ಳಿಯ ಡಬ್ಬಿ ಇನ್ನೆರಡು ಹೆಜ್ಜೆ ಅನ್ನುವಾಗ ಕಾಲು ತನ್ನಷ್ಟಕ್ಕೆ ತಾನೇ ಚಪ್ಪಲಿಯಿಂದ ಹೊರಗೆ ಬರುತ್ತದೆ. ನಮ್ಮ ಶಾಲೆಯ ಗಣಿತದ ಬಾಯಾರು ಒಮ್ಮೆ ಇದನ್ನು ಕಣ್ಣಾರೆ ಕಂಡು, "ಏನ್ರಿ ಇದು, ತುಳಸಿಕಟ್ಟಿ ಮಾಡೀರಲ್ರಿ ಇದನ್ನ! ಇನ್ನ ಊದಿನಕಡ್ಡಿ ಹಚ್ಚೂದೊಂದ ಉಳದೈತಿ. ವಿಜ್ಞಾನ ಕಲಸವರು ನೀವು!" ಎಂದರು. ನಮ್ಮ ಕಡೆ ಹೆಣ್ಣುಮಕ್ಕಳು ಪಾಠ ಹೇಳಲು ನಿಂತರೆ ಊರಿಗೆಲ್ಲ 'ಬಾಯಾರು' ಆಗುತ್ತಾರೆ. ನಾನು ಹುಕ್ಕೇರಿಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ವಿಜ್ಞಾನದ ಬಾಯಾರು.

ತಪ್ಪು ನನ್ನದಲ್ಲ, ನಮ್ಮ ಮುತ್ಯಾನದು. ಮುತ್ಯಾ, ಅಂದರೆ ನಮ್ಮ ತಾಯಿಯ ಅಪ್ಪ, ಮೂಡಲಗಿಯ ಹತ್ತಿರ ಅರ್ಧ ಎಕರೆ ಎಲೆತೋಟ ಮಾಡಿದ್ದ. ಎಲೆ ಎಂದರೆ ತಿನ್ನುವ ಎಲೆ, ಅಡಿಕೆ-ಸುಣ್ಣದ ಜೊತೆಗಿನದು. ನಾನು ನಮ್ಮೂರು ಕೊಣ್ಣೂರಿನಿಂದ ಶಾಲೆಯ ಸೂಟಿಯಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಹೊರಗೆ ಬಿಸಿಲು ತಲೆ ಸುಡುತ್ತಿದ್ದರೆ ತೋಟದ ಒಳಗೆ ತಂಪು, ಹಸಿರು ಕತ್ತಲು. ಸಾಲಾಗಿ ನಿಂತ ನುಗ್ಗೆ, ಚೊಗಚೆ ಗಿಡಗಳನ್ನು ಬಳ್ಳಿಗಳು ತಬ್ಬಿಕೊಂಡು ಮೇಲೆ ಹತ್ತಿರುತ್ತಿದ್ದವು. ಆ ತೋಟದೊಳಗೆ ಚಪ್ಪಲಿ ಹಾಕಿಕೊಂಡು ಯಾರೂ ಕಾಲಿಡುವಂತಿರಲಿಲ್ಲ. ವ್ಯಾಪಾರಕ್ಕೆ ಬಂದ ಸಾವುಕಾರನೂ ಬೇಲಿಯ ಹೊರಗೆ ಬಿಟ್ಟೇ ಬರಬೇಕು. ನಾನೊಮ್ಮೆ ಹೊಸ ಚಪ್ಪಲಿಯ ಸಡಗರದಲ್ಲಿ ಹಾಗೇ ಓಡಿದ್ದಕ್ಕೆ ಮುತ್ಯಾ ಏಣಿಯ ಮೇಲಿನಿಂದಲೇ ಗದರಿದ: "ಏ ಸುಮೀ! ಎಲಿ ಅಂದ್ರ ದೇವರ ಮುಂದ ಇಡೂದು, ಲಗ್ನಕ್ಕ ಕೈಯಾಗ ಕೊಡೂದು. ಕೆರಾ ಮೆಟ್ಟಿ ಬಂದೀಯಲ್ಲ, ಬಳ್ಳಿಗೆ ಸಿಟ್ಟ ಬರಾಂಗಿಲ್ಲೇನ?" ಆವತ್ತು ಬಿಟ್ಟದ್ದು, ಇವತ್ತಿನವರೆಗೂ ಬಿಡುತ್ತಲೇ ಇದ್ದೇನೆ. ಮನಿಪ್ಲಾಂಟಿನ ಎಲೆಯೂ ನೋಡಲು ಹಾಗೇ ಇದೆಯಲ್ಲ, ಪಾಪ ಕಾಲಿಗೇನು ಗೊತ್ತು?

ಕಾಲಿನ ಮಾತು ಬಿಡಿ, ನಮ್ಮ ದೊಡ್ಡವ್ವನ ಬಾಯಿಗೂ ಗೊತ್ತಾಗಲಿಲ್ಲ. ಒಮ್ಮೆ ಹುಕ್ಕೇರಿಗೆ ಬಂದವಳು ಊಟ ಮುಗಿಸಿ, ಕನ್ನಡಕವಿಲ್ಲದೆ ಹಿತ್ತಲಿಗೆ ಹೋಗಿ, ಬಳ್ಳಿಯಿಂದ ಒಂದು ಎಲೆ ಕಿತ್ತು, ಸೀರೆಯ ಸೆರಗಿಗೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆಯಿಟ್ಟು ಬಾಯಿಗೆ ಹಾಕಿಕೊಂಡಳು. ಎರಡು ಸಲ ಅಗಿಯುವುದರೊಳಗೆ "ಯವ್ವಾ, ಸತ್ತೆ!" ಎಂದು ಕೂಗಿದಳು. ತುಟಿ ಊದಿ, ನಾಲಿಗೆ ತುರಿಸಿ, ಬೆಲ್ಲ, ಮಜ್ಜಿಗೆ ಎಲ್ಲ ಆದ ಮೇಲೆ ಡಾಕ್ಟರರ ಹತ್ತಿರವೂ ಹೋಗಿ ಬಂದೆವು. ಸಂಜೆ ಬಾಯಿ ತಿರುಗುವಂತಾದದ್ದೇ ನನ್ನನ್ನು ಕೇಳಿದಳು: "ಅಲ್ಲವಾ, ತಿನ್ನಾಕ ಬರೂದಿಲ್ಲ, ಹೂವ ಬಿಡೂದಿಲ್ಲ, ಕಾಯಿ ಬಿಡೂದಿಲ್ಲ. ಮತ್ತ ಅದಕ್ಕ ದಿನಾ ನೀರ ಯಾಕ ಹಾಕ್ತಿ?"

ಯಾಕೆ ಹಾಕುತ್ತೇನೆಂದು ಹೇಳಬೇಕಾದರೆ ಶಮಶಾದ ಆಪಾಳ ವಿಷಯ ಹೇಳಬೇಕು, ನಾನು ಮಾಡಿದ ಕಳವಿನ ವಿಷಯವನ್ನೂ ಹೇಳಬೇಕು.

ಆಪಾ, ಅಂದರೆ ಅಕ್ಕ, ನಮ್ಮ ಪಕ್ಕದ ಮನೆಯವಳು. ನಮ್ಮಿಬ್ಬರ ಮನೆಗೂ ಒಂದೇ ಹಿತ್ತಲು, ಒಂದೇ ಗೋಡೆ. ಓಣಿಯ ಹೆಂಗಸರ ಕುಪ್ಪಸವೆಲ್ಲ ಅವಳ ಕೈಯ ಹೊಲಿಗೆ. ಅವಳಿಗೆ ಮಗಳು ನಾಜನೀನ ಹುಟ್ಟಿದಾಗ, ತೊಟ್ಟಿಲ ಪಕ್ಕ ಒಂದು ಮನಿಪ್ಲಾಂಟ್ ಇಡಬೇಕೆಂಬ ಆಸೆ ಹುಟ್ಟಿತು. "ಆದ್ರ ಬಾಯಾರ, ಅದನ್ನ ಕೊಂಡ ತಂದ್ರ ಹತ್ತೂದಿಲ್ಲಂತ, ಕದ್ದ ತಂದ್ರ ಹತ್ತತೈತಂತ. ನನಗ ಕದಿಯಾಕ ಎದಿ ಇಲ್ಲ" ಎಂದು ಮುಖ ಸಣ್ಣದು ಮಾಡಿದಳು. ನನಗೆ ಎದೆ ಇತ್ತು. ನಮ್ಮ ಹೆಡ್‌ಮಾಸ್ತರರ ಕೋಣೆಯ ಕಿಟಕಿಯಲ್ಲಿ ಗಾಜಿನ ಬಾಟಲಿಯೊಂದರಲ್ಲಿ ಮನಿಪ್ಲಾಂಟ್ ಇತ್ತು. ಅವರು ಪ್ರಾರ್ಥನೆಗೆ ಹೋದ ಹೊತ್ತು ನೋಡಿ, ಮೂರು ಗೆಣ್ಣಿನ ಒಂದು ತುಂಡನ್ನು ಮುರಿದು ಹಾಜರಿ ಪುಸ್ತಕದ ನಡುವೆ ಇಟ್ಟುಕೊಂಡು ಬಂದು ಆಪಾಳಿಗೆ ಕೊಟ್ಟೆ. ಮರುದಿನ ಹೆಡ್‌ಮಾಸ್ತರರು ಶಿಕ್ಷಕರ ಸಭೆ ಕರೆದು, "ಇದು ಯಾವ ಹುಡುಗರ ಕೆಲಸ?" ಎಂದು ಕೇಳಿದರು. ಇತ್ತೀಚೆಗೆ ಮಕ್ಕಳಲ್ಲಿ ಶಿಸ್ತು ಕಡಿಮೆಯಾಗಿದೆ ಎಂದು ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವಳು ನಾನು. ವರ್ಷಗಳ ಮೇಲೆ ಅವರೇ ನಮ್ಮ ಮನೆಗೆ ಚಹಾಕ್ಕೆ ಬಂದು, ಗೋಡೆಯ ತುಂಬ ಹಬ್ಬಿದ ಬಳ್ಳಿ ನೋಡಿ, "ಭಾಳ ಚೊಲೊ ಬೆಳಸೀರಿ ಬಾಯಾರ, ನನ್ನ ಹಂತ್ಯಾಕ ಒಂದಿತ್ತು, ಒಣಗಿ ಹೋತು. ಇದರದೊಂದು ತುಂಡ ಕೊಡ್ರಿ" ಎಂದು ಒಯ್ದರು. ಹಾಗಾಗಿ ಆ ಪಾಪ ಕಳೆಯಿತೆಂದು ನಾನು ತಿಳಿದುಕೊಂಡಿದ್ದೇನೆ.

ತೊಟ್ಟಿಲ ಪಕ್ಕದಿಂದ ಹಿತ್ತಲ ಡಬ್ಬಿಗೆ ಬಂದ ಬಳ್ಳಿಯೂ ನಾಜನೀನಳೂ ಪೈಪೋಟಿಯ ಮೇಲೆ ಬೆಳೆದರು. ಪ್ರತಿ ರಂಜಾನ್ ಹಬ್ಬಕ್ಕೆ ಆಪಾ ಮಗಳನ್ನು ಹಿತ್ತಲ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಬಟ್ಟೆಗೆ ಗುರುತು ಹಾಕುವ ನೀಲಿ ಖಡುವಿನಿಂದ ತಲೆಯ ಮಟ್ಟಕ್ಕೆ ಒಂದು ಗೆರೆ ಎಳೆಯುತ್ತಿದ್ದಳು. ಬಳ್ಳಿಯ ತುದಿಗೆ ಇನ್ನೊಂದು ಗೆರೆ. ಪ್ರತಿ ವರ್ಷ ಬಳ್ಳಿಯೇ ಗೆಲ್ಲುತ್ತಿತ್ತು. "ಇದು ಮೋಸ! ಅದು ಗ್ವಾಡಿ ಹಿಡಕೊಂಡು ಹತ್ತತೈತಿ, ನಾ ಹಂಗ ನಿಂತೇನಿ" ಎಂದು ಹುಡುಗಿ ಕಾಲು ಅಪ್ಪಳಿಸುತ್ತಿದ್ದಳು.

ಇದೇ ನಾಜನೀನ ಒಂಬತ್ತನೆಯ ತರಗತಿಗೆ ನನ್ನ ಕೈಯಲ್ಲಿ ಸಿಕ್ಕಳು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ: ವಾಯವ ಬೇರು ಎಂದರೇನು? ಕಾಂಡದಿಂದ ಹುಟ್ಟಿ ನೆಲದ ಮೇಲೆ, ಗಾಳಿಯಲ್ಲಿ ಬೆಳೆಯುವ ಬೇರು ಎಂದು ಬರೆಯಬೇಕು, ಒಂದು ಉದಾಹರಣೆ ಕೊಡಬೇಕು, ಮುಗಿಯಿತು. ಈ ಹುಡುಗಿ, "ಹಿಡಿಯಲು ಏನಾದರೂ ಸಿಗುತ್ತದೆಯೇ ಎಂದು ಗಾಳಿಯಲ್ಲಿ ಹುಡುಕುವ ಬೇರು. ಉದಾ: ನಮ್ಮ ಮನೆಯದು" ಎಂದು ಬರೆದಿದ್ದಳು. ನಾನು ಕೆಂಪು ಪೆನ್ನಿನಿಂದ ದೊಡ್ಡ ಸೊನ್ನೆ ಸುತ್ತಿ, ಪಕ್ಕದಲ್ಲಿ 'ಪಾಠ ಓದು' ಎಂದು ಬರೆದೆ.

ನಾಲ್ಕು ವರ್ಷದ ಹಿಂದೆ ಆಪಾಳ ಗಂಡನಿಗೆ ಗೋಕಾಕಿನಲ್ಲಿ, ಅವರ ದೊಡ್ಡಪ್ಪನ ಮಗನ ಗಾದಿ ಅಂಗಡಿಯಲ್ಲಿ ಕೆಲಸವಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ, ಅದರ ಮಾಳಿಗೆಯ ಮೇಲೆ ಎರಡು ಖೋಲಿಯ ಮನೆ, ಬಿಸಿಲು ಬೀಳದ ಜಾಗ. ಹೊರಡುವ ದಿನ ಸಾಮಾನೆಲ್ಲ ಟೆಂಪೋದಲ್ಲಿ ಹೇರಿಯಾಯಿತು, ಆಪಾ ಮಾತ್ರ ಹಿತ್ತಲ ಗೋಡೆಯ ಮುಂದೆ ನಿಂತಿದ್ದಳು. ಬಳ್ಳಿ ಅಷ್ಟೊತ್ತಿಗೆ ಗೋಡೆಗೆ ಎಂಥ ಪಟ್ಟು ಹಾಕಿತ್ತೆಂದರೆ, ಒಂದು ಎಲೆ ಜಗ್ಗಿದರೆ ಸುಣ್ಣ ಉದುರುತ್ತಿತ್ತು.

"ಇದನ್ನ ಬಿಡಿಸಾಕ ಬರೂದಿಲ್ಲ ಬಾಯಾರ. ನಿಮ್ಮ ಹಂತ್ಯಾಕ ಇರ್ಲಿ" ಎಂದಳು. "ನಮ್ಮ ನಾಜನೀನ ಅಂಗಡಿ ಹಾಕ್ತೇನಿ ಅನ್ನಾಕತ್ತಾಳ, ಹೊಲಿಗಿದು. ಯಾವಾಗ ಹಾಕ್ತಾಳೋ ಅಲ್ಲಾಗ ಗೊತ್ತು. ಹಾಕಿದ ದಿನ ಈ ಬಳ್ಳಿ ಅಕಿ ಅಂಗಡ್ಯಾಗ ಇರಬೇಕು. ತುಂಡ ಅಲ್ರಿ ಮತ್ತ, ಇದ ಬಳ್ಳಿ. ಅಕಿ ಕೂಡ ಹುಟ್ಟಿದ್ದು ಇದು."

"ನಾ ಇರೂ ತನಕ ಇದಕ್ಕೇನೂ ಆಗೂದಿಲ್ಲ ಆಪಾ" ಎಂದು ನಾನು ಮಾತು ಕೊಟ್ಟೆ. ಅವಳು ತನ್ನ ಸಣ್ಣ ಕತ್ತರಿಯನ್ನು ನನ್ನ ಕೈಯಲ್ಲಿಟ್ಟಳು. ಹೊಲಿದಾದ ಮೇಲೆ ದಾರದ ತುದಿ ಕತ್ತರಿಸುವ ಕತ್ತರಿ ಅದು. "ಹೊಲಿಯೂದು ಅರ್ಧಾ ಕೆಲಸ, ದಾರದ ತುದಿ ತಗಿಯೂದು ಇನ್ನ ಅರ್ಧಾ" ಎಂದು ಅವಳು ಯಾವಾಗಲೂ ಹೇಳುತ್ತಿದ್ದಳು. ಅವಳು ಹೊಲಿದ ಕುಪ್ಪಸವನ್ನು ತಿರುವಿ ಒಳಮೈ ನೋಡಿದರೂ ಒಂದೆಳೆ ಜೋತಾಡುತ್ತಿರಲಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಶಾಲೆಗೆ ಸೂಟಿ ಬಿಟ್ಟ ವಾರ ಆಪಾಳ ಫೋನು ಬಂತು. ದನಿಯಲ್ಲೇ ಹಬ್ಬವಿತ್ತು. "ಬಾಯಾರ, ಸಂಕೇಶ್ವರದಾಗ ಜಾಗಾ ಸಿಕ್ತು! ಜೂನಿನಾಗ ನಾಜನೀನ ಅಂಗಡಿ ತಗೀತಾಳ. ಬಳ್ಳಿ ತಯಾರ ಮಾಡಿಡ್ರಿ."

ತಯಾರ ಮಾಡಿಡಿ ಎಂದಳಲ್ಲ, ನಾನು ತಯಾರು ಮಾಡಿದೆ. ಹಿತ್ತಲಿಗೆ ಹೋಗಿ ಬಳ್ಳಿಯನ್ನು ಮೊದಲ ಸಲ ನೋಡುವವಳಂತೆ ನೋಡಿದೆ. ಗೆಣ್ಣು ಗೆಣ್ಣಿಗೂ ಕಂದು ಬಣ್ಣದ ಎಳೆಗಳು. ಕೆಲವು ಗೋಡೆಗೆ ಅಂಟಿದ್ದವು, ಕೆಲವು ಗಾಳಿಯಲ್ಲಿ ಜೋತಾಡುತ್ತಿದ್ದವು. ನನಗೆ ತಕ್ಷಣ ಅನಿಸಿದ್ದು, ಅಯ್ಯೋ, ದಾರದ ತುದಿ ಎಷ್ಟು ಉಳಿದಿದೆ! ಇಂಥದನ್ನು ಆಪಾಳ ಮಗಳ ಅಂಗಡಿಗೆ ಕಳಿಸುವುದೆ? ಒಳಗೆ ಹೋಗಿ ಆ ಕತ್ತರಿಯನ್ನೇ ತಂದೆ. ಚಪ್ಪಲಿ ಮಾತ್ರ ಮರೆಯದೆ ಬಿಟ್ಟೆ. ಕುರ್ಚಿ ಹಾಕಿ, ಕುರ್ಚಿಯ ಮೇಲೆ ಮಣೆ ಇಟ್ಟು, ಎರಡು ದಿನ ಕೂತು ನಿಂತು, ಬುಡದಿಂದ ತುದಿಯ ತನಕ ಒಂದೊಂದು ಎಳೆಯನ್ನೂ ನಯವಾಗಿ ಕತ್ತರಿಸಿದೆ. ಇಪ್ಪತ್ತನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ವಾಯವ ಬೇರಿನ ಚಿತ್ರ ಬರೆದ ಕೈ ಇದು. ಒಂದು ಸಲವೂ ಹಿಂಜರಿಯಲಿಲ್ಲ. ಮುಗಿದ ಮೇಲೆ ದೂರ ನಿಂತು ನೋಡಿ, ಬಳ್ಳಿ ಈಗ ಎಷ್ಟು ಚೆಂದ ಕಾಣುತ್ತದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಮಳೆಗಾಳಿ ಎದ್ದಿತು. ಮಳೆ ನಾಲ್ಕು ಹನಿ, ಗಾಳಿ ಮಾತ್ರ ಮೈತುಂಬ. ಹಿತ್ತಲಲ್ಲಿ ಏನೋ ಸರ್ರೆಂದು ಜಾರಿದ ಸಪ್ಪಳ. ಓಡಿ ಹೋಗಿ ನೋಡಿದರೆ ಗೋಡೆ ಬೋಳಾಗಿತ್ತು. ಹದಿನೆಂಟು ಅಡಿ ಬಳ್ಳಿ ಮೇಲಿನಿಂದ ಕಳಚಿಕೊಂಡು ತನ್ನ ಭಾರಕ್ಕೆ ತಾನೇ ಮಡಚಿ ಬಿದ್ದಿತ್ತು. ಡಬ್ಬಿಯ ಅಂಚಿಗೆ ತಾಗಿ ಬುಡದಲ್ಲಿ ಮುರಿದಿತ್ತು. ಗೋಡೆಯ ಮೇಲೆ ನನ್ನ ಕತ್ತರಿಯಿಂದ ತಪ್ಪಿಸಿಕೊಂಡ ಬೇರಿನ ಮೊಳೆಗಳು, ನೀಲಿ ಖಡುವಿನ ಗೆರೆಗಳು ಉಳಿದಿದ್ದವು. ಗೆರೆಯ ಪಕ್ಕದಲ್ಲಿ ಆಪಾಳ ಅಕ್ಷರದಲ್ಲಿ ಹುಡುಗಿಯ ವಯಸ್ಸು: ಐದು, ಆರು, ಏಳು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಐವತ್ತು ದಾಟಿದ ಹೆಂಗಸು ಮನಿಪ್ಲಾಂಟಿಗಾಗಿ ಅಳುವುದನ್ನು ಯಾರಾದರೂ ನೋಡಿಯಾರೆಂಬ ಖಬರೂ ಇರಲಿಲ್ಲ.

ಆಮೇಲೆ ನನ್ನ ತಲೆ ಓಡಿದ ದಾರಿ ಕೇಳಿ. ಮರುದಿನ ಬೆಳಿಗ್ಗೆ ನಾನು ಹೋದದ್ದು ಹೆದ್ದಾರಿಯ ಬದಿಯ ಒಂದು ನರ್ಸರಿಗೆ. ಅಲ್ಲಿ ಕೋಲಿಗೆ ಹಬ್ಬಿಸಿದ ಮನಿಪ್ಲಾಂಟುಗಳು ಸಾಲಾಗಿ ನಿಂತಿದ್ದವು. ಇಂಥ ಎಲೆ, ಇಂಥ ಬಣ್ಣ, ಇಷ್ಟು ಎತ್ತರ ಎಂದು ನಾನು ವಧು ಪರೀಕ್ಷೆಯಂತೆ ಹುಡುಕುವುದನ್ನು ನೋಡಿ ಅಂಗಡಿಯವ, "ಎಲ್ಲಾ ಒಂದ ಜಾತಿರಿ ಅಕ್ಕಾರ. ಯಾವದ ಒಯ್ದ್ರೂ ಅಷ್ಟ, ಯಾರಿಗೆ ಗೊತ್ತಾಗತೈತಿ?" ಎಂದ. ಖರೆ ಮಾತು. ಹೆಡ್‌ಮಾಸ್ತರರಿಗೆ ತಮ್ಮ ಬಳ್ಳಿಯೇ ಗೊತ್ತಾಗಿರಲಿಲ್ಲ. ನಾನು ಒಂದನ್ನು ಆರಿಸಿ ಎತ್ತಿಕೊಂಡೆ ಕೂಡ. "ಇದ ಬಳ್ಳಿ" ಎಂದ ಆಪಾಳ ದನಿ ಕಿವಿಯಲ್ಲಿತ್ತು. ಅವಳ ಮುಂದೆ ನಿಂತು ಇದೇ ಅದು ಎಂದು ಹೇಳುವ ನನ್ನ ಮುಖ ಹೇಗಿರಬಹುದೆಂದು ಯೋಚಿಸಿದೆ. ಹೆಡ್‌ಮಾಸ್ತರರ ಮುಂದೆ ತಲೆಯಾಡಿಸಿದ ಮುಖವೇ ಅದು. ಆವತ್ತು ನಗು ಬಂದಿತ್ತು, ಈಗ ಬರಲಿಲ್ಲ. ಕುಂಡವನ್ನು ಕೆಳಗಿಟ್ಟು ಮನೆಗೆ ಬಂದೆ.

ಮನೆಗೆ ಬಂದು, ಬಿದ್ದ ಬಳ್ಳಿಯನ್ನು ಸುರುಳಿ ಸುತ್ತುತ್ತ ಕೂತಾಗ ಮುತ್ಯಾನ ತೋಟ ಕಣ್ಣ ಮುಂದೆ ಬಂತು. ವರ್ಷಕ್ಕೊಮ್ಮೆ ಅಲ್ಲಿ ಬಳ್ಳಿ ಇಳಿಸುತ್ತಿದ್ದರು. ಗಿಡದ ತುದಿ ಮುಟ್ಟಿದ ಬಳ್ಳಿಗಳ ಕಟ್ಟು ಬಿಚ್ಚಿ, ಮೆಲ್ಲಗೆ ಕೆಳಗಿಳಿಸಿ, ಬುಡದಲ್ಲಿ ಸುರುಳಿ ಮಾಡಿ ಮಣ್ಣು ಮುಚ್ಚಿ, ತುದಿಯಷ್ಟೇ ಹೊರಗೆ ಬಿಡುತ್ತಿದ್ದರು. ಸಣ್ಣವಳಿದ್ದಾಗ ಅದನ್ನು ನೋಡಿ, ಮುತ್ಯಾ ತೋಟವನ್ನೇ ಹೂಳಿಬಿಟ್ಟ ಎಂದು ನಾನು ಗೋಳಾಡಿದ್ದೆ. "ಹುಚ್ಚಿ, ಸತ್ತಿಲ್ಲ, ಮಲಗಸೇನಿ" ಎಂದಿದ್ದ ಮುತ್ಯಾ. ಮುಂದಿನ ಸೂಟಿಗೆ ಹೋದಾಗ ಅವೇ ಬಳ್ಳಿಗಳು ಮತ್ತೆ ಗಿಡ ಹತ್ತಿದ್ದವು. ಇಷ್ಟು ದೊಡ್ಡ ಪಾಠವನ್ನು ಮರೆತು, ಚಪ್ಪಲಿ ಬಿಡುವುದನ್ನಷ್ಟೇ ನೆನಪಿಟ್ಟುಕೊಂಡಿದ್ದೆ ನೋಡಿ.

ಮುತ್ಯಾ ಈಗಿಲ್ಲ. ತೋಟ ನೋಡುವವನು ಬಸಪ್ಪ ಮಾಮಾ, ನಮ್ಮ ತಾಯಿಯ ತಮ್ಮ. ಮರುದಿನವೇ ಬಳ್ಳಿಯನ್ನು ಒದ್ದೆ ಮಾಡಿದ ಹಳೆಯ ಸೀರೆಯಲ್ಲಿ ಸುತ್ತಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಗೋಕಾಕಿನ ಬಸ್ಸು ಹತ್ತಿದೆ. ಅಲ್ಲಿಂದ ಬಸ್ಸು ಬದಲಿಸಿದರೆ ಮೂಡಲಗಿ. ಪಕ್ಕದಲ್ಲಿ ಕೂತ ಮುದುಕಿ ಗಂಟಿನಿಂದ ನೀರು ತೊಟ್ಟಿಕ್ಕುವುದನ್ನು ನೋಡಿದಳು, ಸಂದಿಯಲ್ಲಿ ಹಸಿರು ಸುರುಳಿಯನ್ನು ನೋಡಿದಳು, ಮೆಲ್ಲಗೆ ಸರಿದು ಕೂತಳು. "ಯವ್ವಾ, ಹಾವ ಐತೇನ ಅದರಾಗ?" ಎಂದು ಕೇಳಿದಳು. "ಇಲ್ಲಜ್ಜಿ, ಬಳ್ಳಿ" ಎಂದರೆ ಅವಳಿಗೆ ನಂಬಿಕೆ ಬರಲಿಲ್ಲ. ಕೊಣ್ಣೂರು ದಾಟುವ ತನಕ ಕಾಲು ಮೇಲೆತ್ತಿಕೊಂಡೇ ಕೂತಿದ್ದಳು.

ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ಸುತ್ತಮುತ್ತ ಕಣ್ಣಾಡಿಸಿದೆ. ಆಪಾಳ ಮನೆ ಅಲ್ಲೇ ಇದೆಯಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ, ಕಂಬದ ಮರೆಯಲ್ಲಿ ರಸ್ತೆಗೆ ಬೆನ್ನು ಮಾಡಿ ನಿಂತೆ. ಮೂಡಲಗಿ ಬಸ್ಸು ಬರಲು ಇನ್ನು ಹತ್ತು ನಿಮಿಷವಿತ್ತು. ಹತ್ತು ನಿಮಿಷದಲ್ಲಿ ಏನಾದೀತು ಎಂದುಕೊಳ್ಳುತ್ತಿರುವಾಗಲೇ ಹಿಂದಿನಿಂದ ದನಿ ಬಂತು.

"ಬಾಯಾರ?"

ನಾನು ತಿರುಗಲಿಲ್ಲ.

"ತಿರಗ್ರಿ ಬಾಯಾರ. ಮುಖಾ ಮುಚ್ಚಿದ್ರ ಏನಾತು, ಕುಪ್ಪಸದ ಬೆನ್ನಿನ ಹೊಲಿಗಿ ನಂದ ಐತಲ್ಲ."

ತಿರುಗಿದೆ. ಕೈಯಲ್ಲಿ ತರಕಾರಿ ಚೀಲ ಹಿಡಿದು ಆಪಾ ನಗುತ್ತ ನಿಂತಿದ್ದಳು. ನಾನೂ ನಗಲು ಹೋದೆ, ಮುಖ ಅಳುವಿನ ಕಡೆ ಹೊರಳಿತು. ಹೇಳಬೇಕಾದ್ದನ್ನೆಲ್ಲ ಅಲ್ಲೇ ಕಂಬದ ಹತ್ತಿರ, ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಕತ್ತರಿ, ಗಾಳಿ, ನರ್ಸರಿ, ಎಲ್ಲ. ಆಪಾ ಚೀಲ ಕೆಳಗಿಟ್ಟಳು. ಸೀರೆಯ ಗಂಟು ಬಿಚ್ಚಿ ಬಳ್ಳಿಯ ಒಂದು ಗೆಣ್ಣಿನ ಮೇಲೆ ಬೆರಳಾಡಿಸಿದಳು. ಮುಂದಿನದು, ಅದರ ಮುಂದಿನದು, ಹೀಗೆ ಕತ್ತರಿಸಿದ ಮೋಟುಗಳನ್ನೆಲ್ಲ ಮುಟ್ಟಿ ನೋಡಿದಳು. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಕತ್ತರಿ ಇನ್ನೂ ಹರಿತ ಐತಿ, ಅಲ್ರಿ?" ಎಂದಳು ಕೊನೆಗೆ. ಕಣ್ಣು ಒರೆಸಿಕೊಂಡು, "ನಂದೂ ಒಂದ ಕೇಳ್ರಿ. ಬಿಟ್ಟ ಬರೂ ದಿನ ನಿಮಗ ಕಾಣದಂಗ ನಾನೂ ಒಂದ ತುಂಡ ಮುರಕೊಂಡ ಬಂದಿದ್ದೆ. ಮಾಳಿಗಿ ಮ್ಯಾಲ ಬಿಸಲಿಲ್ಲ, ಗಾಳಿಲ್ಲ. ಒಂದ ತಿಂಗಳದಾಗ ಕೊಳತ ಹೋತು. ನಿಮಗ ಹೇಳಾಕ ನಾಚಿಕಿ ಆಗಿ ಫೋನಿನಾಗ ಬಳ್ಳಿ ಮಾತ ತಗೀತಿದ್ದಿಲ್ಲ" ಎಂದಳು. ನಾಲ್ಕು ವರ್ಷ ಅವಳು ಬಳ್ಳಿ ಹೇಗಿದೆ ಎಂದು ಯಾಕೆ ಕೇಳಲಿಲ್ಲವೆಂದು ನನಗೆ ಒಳಗೊಳಗೇ ಬೇಜಾರಿತ್ತು. ಅದು ಅವತ್ತು ಕರಗಿತು.

ಬಸ್ಸು ಬಂತು. ಆಪಾ ತರಕಾರಿ ಚೀಲವನ್ನು ಗಾದಿ ಅಂಗಡಿಯ ಕಡೆ ಹೊರಟಿದ್ದ ಪರಿಚಯದವರ ಕೈಗೆ ಕೊಟ್ಟು ನನಗಿಂತ ಮೊದಲು ಹತ್ತಿದಳು. "ನಡೀರಿ, ನಾನೂ ಬರ್ತೇನಿ. ನಿಮ್ಮ ಒಬ್ಬಾಕಿ ಕೈಯಾಗ ಮತ್ತ ಇದನ್ನ ಕೊಟ್ಟ ಕಳಸೂದಿಲ್ಲ."

ಬಸಪ್ಪ ಮಾಮಾ ತೋಟದ ಬೇಲಿಯ ಹತ್ತಿರವೇ ಇದ್ದ. "ಚಪ್ಪಲ್ ಹೊರಗ—" ಎಂದು ಬಾಯಿ ತೆರೆಯುವುದರೊಳಗೆ ಆಪಾ ಬಿಟ್ಟಾಗಿತ್ತು. "ಇಷ್ಟ ತಂಪ, ಇಷ್ಟ ಸ್ವಚ್ಛ ಇದ್ದಲ್ಲೆ ಮೆಟ್ಟಿ ಹೋಗಾಕ ಮನಸ ಹೆಂಗ ಬರ್ತೈತ್ರಿ?" ಎಂದಳು. ಮಾಮಾನಿಗೆ ಅಷ್ಟಕ್ಕೇ ಅವಳ ಮೇಲೆ ಗೌರವ ಹುಟ್ಟಿತು. ನನ್ನ ಮೇಲೆ ಹುಟ್ಟಲಿಲ್ಲ. ಗಂಟು ಬಿಚ್ಚಿ ನೋಡಿ, ನನ್ನ ಮುಖ ನೋಡಿ, ಮತ್ತೆ ಬಳ್ಳಿ ನೋಡಿದ.

"ಯಾರ ಕತ್ತರಿಸಿದ್ದು?"

"ನಾನ ಮಾಮಾ."

"ಭಾಳ ಕಲತೀದಿ ಬಿಡು" ಎಂದ. ನೆಲದ ಮೇಲೆ ಕೂತು ಒಂದೊಂದೇ ಗೆಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡತೊಡಗಿದ. "ಬೇರಿನಾಗ ಎರಡ ನಮೂನಿ, ಸುಮಿ. ನೆಲದಾಗಿಂದು ಹೊಟ್ಟಿಗೆ, ಗಾಳ್ಯಾಗಿಂದು ಕೈಗೆ. ಹಸಿ ಸಿಕ್ಕರ ಕೈಲೇ ನಾಕ ಗುಟಕ ನೀರೂ ಕುಡೀತೈತಿ. ನೀ ಇದರ ಕೈ ಕತ್ತರಿಸಿ, ಗ್ವಾಡಿ ಹಿಡಕೊಂಡು ನಿಂದ್ರು ಅಂದಿ. ಹೆಂಗ ನಿಂದರಬೇಕು ಅದು?"

"ಇನ್ನ ಬರ್ತೈತೇನ್ರಿ ಅಣ್ಣಾರ?" ಆಪಾಳ ದನಿ ಸಣ್ಣದಾಗಿತ್ತು.

"ಇಲ್ಲಿ ನೋಡ್ರಿ." ಮಾಮಾ ಒಂದು ಗೆಣ್ಣನ್ನು ಅವಳ ಬೆರಳಿಗೆ ತಾಗಿಸಿದ. ಕತ್ತರಿಸಿದ ಬೇರಿನ ಪಕ್ಕದಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ. "ಇಕಿ ಕತ್ತರಿಸಿದ್ದು ಬೇರಿನ ತುದಿ. ಬೇರಿನ ತಾಯಿ ಈ ಗೆಣ್ಣಿನಾಗ ಕುಂತಾಳ. ಒಣಗಿಲ್ಲಂದ್ರ ಮತ್ತ ಹಡೀತಾಳ. ಹಿಡಿಯಾಕ ಏನರ ಐತಿ ಅಂತ ಅಕಿಗೆ ಗೊತ್ತಾಗಬೇಕು, ಅಷ್ಟ."

ಹಿಡಿಯಲು ಏನಾದರೂ ಸಿಗುತ್ತದೆಯೇ ಎಂದು ಹುಡುಕುವ ಬೇರು. ನಾಜನೀನಳ ಉತ್ತರಕ್ಕೆ ನಾನು ಸುತ್ತಿದ ಕೆಂಪು ಸೊನ್ನೆ ನೆನಪಾಯಿತು. ಆಪಾಳಿಗೆ ಹೇಳಿದೆ. ಅವಳು ನಕ್ಕಳು. "ಮನಿಗೆ ಬಂದು ಅತ್ತಿದ್ಲು. ಬಾಯಾರಿಗಿಂತ ನೀ ಶಾಣ್ಯಾ ಏನ ಅಂತ ನಾನೂ ಎರಡ ಕೊಟ್ಟಿದ್ದೆ."

ಮಾಮಾ ಒಣಗಿದ ಭಾಗ ತೆಗೆದುಹಾಕಿದ. ತೋಟದ ನೆರಳಿನಲ್ಲಿ ಉದ್ದಕ್ಕೆ ಒಂದು ತೆಳು ಕಾಲುವೆ ತೋಡಿ, ಬಳ್ಳಿಯನ್ನು ಮಲಗಿಸಿ, ಗೆಣ್ಣು ಮುಚ್ಚುವಷ್ಟು ಮಣ್ಣು ಎಳೆದ. ತುದಿಯ ಭಾಗವನ್ನು ಮಾತ್ರ ಮೇಲೆತ್ತಿ, ಗೋಣಿತಟ್ಟು ಸುತ್ತಿದ ಕೋಲಿಗೆ ಬಾಳೆನಾರಿನಿಂದ ಸಡಿಲಾಗಿ ಕಟ್ಟಿದ. ತಟ್ಟು ಯಾವಾಗಲೂ ಹಸಿಯಾಗಿರಬೇಕು, ಆಗ ಮಾತ್ರ ಬೇರು ಹೊರಗೆ ಬರಲು ಧೈರ್ಯ ಮಾಡುತ್ತದೆ ಎಂದ. ಆಪಾ ತಾನೇ ತಂಬಿಗೆಯಲ್ಲಿ ನೀರು ತಂದು ತಟ್ಟಿಗೆ ಚಿಮುಕಿಸಿದಳು, ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಎಚ್ಚರವಾಗದಂತೆ ನಡೆಯುವ ಹಾಗೆ ನಡೆದಳು.

ಆಮೇಲಿನ ದಿನಗಳಲ್ಲಿ ನಾನು ಮಾಮಾನಿಗೆ ಮಾಡಿದ ಫೋನಿಗೆ ಲೆಕ್ಕವಿಲ್ಲ. ಬೆಳಿಗ್ಗೆ ನಾನು, ಸಂಜೆ ಆಪಾ. "ಏನೂ ಇಲ್ಲ" ಎನ್ನುತ್ತಿದ್ದ. ಎರಡನೆಯ ವಾರ, "ಬುಡದ ಕಡಿಂದು ಕೊಳತೈತಿ, ತಗದ್ ಒಗದೆ" ಎಂದ. ಅವತ್ತು ಸಂಜೆಯ ಫೋನನ್ನೂ ಆಪಾಳಿಗಿಂತ ಮೊದಲು ನಾನೇ ಮಾಡಿದೆ. ಮೂರನೆಯ ವಾರ ಅವನಾಗಿಯೇ ಫೋನು ಮಾಡಿದ. "ಸುಮಿ, ತಟ್ಟಿನ ಮ್ಯಾಲ ಬೇರಿನ ಬಿಳೆ ಹಲ್ಲ ಬಂದಾವು ನೋಡ. ಒಂದಲ್ಲ, ಆರ ಅದಾವು." ನಾನು ಆಪಾಳಿಗೆ ಫೋನು ಹಚ್ಚಿದರೆ ಅವಳ ಲೈನು ನಿರತವಾಗಿತ್ತು. ಅವಳೂ ನನಗೇ ಹಚ್ಚುತ್ತಿದ್ದಳು.

ಹದಿನೆಂಟು ಅಡಿಯಲ್ಲಿ ಉಳಿದದ್ದು ನಾಲ್ಕಡಿ. ಸುಳ್ಳು ಹೇಳುವುದಿಲ್ಲ, ಮೊದಲು ನೋಡಿದಾಗ ನಂಬದೆ ಎರಡು ಸಲ ಮೊಳ ಹಾಕಿ ಅಳೆದೆ. ಜೂನಿನಲ್ಲಿ ಅಂಗಡಿ ತೆರೆಯುವ ದಿನ ಬಸಪ್ಪ ಮಾಮಾ ಅದನ್ನು ಕೋಲು, ಕುಂಡದ ಸಮೇತ ಎದೆಗೆ ಅವಚಿಕೊಂಡು ಸಂಕೇಶ್ವರಕ್ಕೆ ಬಂದ. ಹೊಲಿಗೆ ಅಂಗಡಿಯ ಹೊಸ್ತಿಲಲ್ಲಿ ಎಲ್ಲರ ಚಪ್ಪಲಿ ಸಾಲಾಗಿ ಬಿಟ್ಟಿದ್ದನ್ನು ನೋಡಿ ತೃಪ್ತಿಯಿಂದ ತನ್ನದನ್ನೂ ಬಿಟ್ಟ. ನಾಜನೀನ ಬಳ್ಳಿಯನ್ನು ನೋಡಿದಳು, ನಮ್ಮನ್ನು ನೋಡಿದಳು. ಅವಳ ತಾಯಿ ಕಥೆ ಹೇಳಿದಳು. ಹುಡುಗಿ ಮಷೀನಿನ ಸ್ಟೂಲಿನ ಮೇಲೆ ಕುಸಿದು ಕೂತು ನಕ್ಕಳು. "ಮೌಶಿ, ನೀವ ಕತ್ತರಿಸಿದ್ರಿ? ನನಗ ಸೊನ್ನಿ ಕೊಟ್ಟವರು?"

"ಹೂಂ. ಈ ಕತ್ತರಿ ಇನ್ನ ನನ್ನ ಕೈಯಾಗ ಇರೂದು ಬ್ಯಾಡ, ನೀ ಇಟ್ಟಕೋ" ಎಂದು ಅವಳ ಮೇಜಿನ ಮೇಲಿಟ್ಟೆ.

ಆಪಾ ಎಲ್ಲಿಂದಲೋ ನೀಲಿ ಖಡು ತೆಗೆದಳು. ಬಳ್ಳಿಯನ್ನು ಹೊಸ ಗೋಡೆಗೆ ಒರಗಿಸಿ ಅದರ ತುದಿಗೆ ಒಂದು ಗೆರೆ ಎಳೆದಳು. ಮಗಳನ್ನು ಬೆನ್ನು ಹಚ್ಚಿ ನಿಲ್ಲಿಸಿ ಇನ್ನೊಂದು ಎಳೆದಳು. ನಾಜನೀನ ತಿರುಗಿ ನೋಡಿ, "ಅಮ್ಮೀ! ನಾ ಗೆದ್ದೆ!" ಎಂದು ಇಪ್ಪತ್ತರ ಹುಡುಗಿ ಐದು ವರ್ಷದವಳಂತೆ ಕುಣಿದಳು. ಆಪಾ 'ಧೂಳು ಬಿತ್ತು' ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಂಗಡಿಯಲ್ಲಿ ಅವತ್ತು ಧೂಳೇ ಇರಲಿಲ್ಲ.

ಮೊನ್ನೆ ನಾಜನೀನಳ ಫೋನು ಬಂದಿತ್ತು. ಹಬ್ಬದ ಹೊಲಿಗೆಯ ಗಡಿಬಿಡಿಯಲ್ಲಿ ಮೂಲೆಯಲ್ಲಿ ಒರಗಿಸಿಟ್ಟ, ಬಟ್ಟೆ ಅಳೆಯುವ ಗಜಕಡ್ಡಿಯನ್ನು ಒಂದು ತಿಂಗಳು ಮುಟ್ಟಿರಲಿಲ್ಲವಂತೆ, ಟೇಪಿನಲ್ಲೇ ಕೆಲಸ ಸಾಗಿತ್ತಂತೆ. ಈಗ ತೆಗೆಯಲು ಹೋದರೆ ಬರುತ್ತಿಲ್ಲ.

"ಮೌಶಿ, ನಿಮ್ಮ ಬಳ್ಳಿ ನನ್ನ ಗಜಕಡ್ಡಿ ಹಿಡಕೊಂಡೈತಿ. ನಾಕ ಬೇರ ಹಾಕೇತಿ. ಏನ ಮಾಡ್ಲಿ, ಬಿಡಿಸ್ಲೇನ?"

ನಾನು ಹಿತ್ತಲಲ್ಲಿ ನಿಂತಿದ್ದೆ. ಹಳೆಯ ಡಬ್ಬಿಯಲ್ಲಿ ಉಳಿದ ಮೋಟು ಬುಡವೂ ಎರಡೆಲೆ ಬಿಟ್ಟಿದೆ. ಗೋಡೆಯ ಮೇಲಿನ 'ಐದು' ಎಂಬ ಗೆರೆಯ ಕಡೆ ಅದರ ಬಿಳಿಯ ಎಳೆಯೊಂದು ಚಾಚಿಕೊಂಡಿತ್ತು.

"ಬ್ಯಾಡವಾ, ಹಿಡಕೊಳ್ಳಿ" ಎಂದೆ. "ನೀ ಇನ್ನೊಂದು ಗಜಕಡ್ಡಿ ತಗೋ."